ನಮ್ಮೂರ ಸಾಲಿ ಏಳನೇತ್ತಿಗೆ ನಿಲ್ಲುತ್ತೆ

ಪ್ರತಿ ವರ್ಷ ಮೇ ತಿಂಗಳ ಒಂದು ದಿನ ನಮ್ಮೆಲ್ಲರ ಫೋನಿಗೂ ಒಂದೇ ಪಟ್ಟಿ ಬಂದು ಬೀಳುತ್ತೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿ. ಮೇಲಿನ ಎರಡು ಸಾಲು ನೋಡಿ ಕರಾವಳಿಯ ಗೆಳೆಯರು ಸ್ಟೇಟಸ್ ಹಾಕ್ತಾರೆ. ಕೆಳಗಿನ ಎರಡು ಸಾಲು ನೋಡಿ ನಮ್ಮ ಕಡೆಯವರು ಫೋನ್ ಮಗುಚಿ ಇಡ್ತಾರೆ. ಆಫೀಸಿನ ಗ್ರೂಪಿನಲ್ಲಿ ಯಾರೋ ಒಬ್ಬರು ನಗುವ ಎಮೋಜಿ ಜೊತೆ 'ಈ ಸಲಾನೂ ನಿಮ್ದೇ ಲಾಸ್ಟಾ?' ಅಂತ ಕೇಳೋದೂ ಪ್ರತಿ ವರ್ಷದ ಪದ್ಧತಿ.

ನಾನು ಯಾದಗಿರಿ ಜಿಲ್ಲೆಯವಳು. ಸುರಪುರ ತಾಲ್ಲೂಕಿನ ಒಂದು ಹಳ್ಳಿ. ಈಗ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. 'ನಿಮ್ಮ ಕಡೆ ಮಕ್ಕಳು ಯಾಕೆ ಓದಲ್ಲ?' ಅನ್ನೋ ಪ್ರಶ್ನೆಗೆ ಕ್ಯಾಂಟೀನಿನಲ್ಲಿ ಐದು ನಿಮಿಷದಲ್ಲಿ ಉತ್ತರ ಕೊಡೋಕೆ ಆಗೋದಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ.

ಪಟ್ಟಿ ಏನು ಹೇಳುತ್ತೆ?

2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆಯ 94% ಮಕ್ಕಳು ಪಾಸಾದರು. ಯಾದಗಿರಿಯಲ್ಲಿ 50.59%. ಮರು ವರ್ಷ, 2025ರಲ್ಲಿ, ದಕ್ಷಿಣ ಕನ್ನಡ 91.12% ಪಡೆದು ಮೊದಲ ಸ್ಥಾನಕ್ಕೆ ಬಂತು. ಕೊನೆಯ ಸ್ಥಾನ ನಮ್ಮಿಂದ ಪಕ್ಕದ ಕಲಬುರಗಿಗೆ ಹೋಯ್ತು, 42.43%. ಅಂದರೆ ಒಂದೇ ರಾಜ್ಯ, ಒಂದೇ ಪಠ್ಯಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಒಂದು ಕಡೆ ಹತ್ತರಲ್ಲಿ ಒಂಬತ್ತು ಮಕ್ಕಳು ದಾಟಿದರು, ಇನ್ನೊಂದು ಕಡೆ ಹತ್ತರಲ್ಲಿ ನಾಲ್ಕೇ ಮಕ್ಕಳು.

ಈ ಅಂತರ ಹತ್ತನೇ ತರಗತಿಯಲ್ಲಿ ಹುಟ್ಟಿದ್ದಲ್ಲ. 2011ರ ಜನಗಣತಿ ತೆಗೆದು ನೋಡಿ. ದಕ್ಷಿಣ ಕನ್ನಡದ ಸಾಕ್ಷರತೆ 88.57%. ಯಾದಗಿರಿಯದು 51.83%, ರಾಜ್ಯದಲ್ಲೇ ಅತಿ ಕಡಿಮೆ. ಹೆಂಗಸರ ಲೆಕ್ಕ ಮಾತ್ರ ತೆಗೆದುಕೊಂಡರೆ ದಕ್ಷಿಣ ಕನ್ನಡದಲ್ಲಿ ಸುಮಾರು 84%, ಯಾದಗಿರಿಯಲ್ಲಿ ಸುಮಾರು 41%. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಈಗ ಹತ್ತನೇ ತರಗತಿ ಬರೆಯುವ ಮಕ್ಕಳು ಹುಟ್ಟಿದ್ದು ಆ ಜನಗಣತಿಯ ಆಸುಪಾಸಿನಲ್ಲೇ. ಆಗಲೇ ಅವರ ಅವ್ವಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಓದು ಬರಹ ಬರುತ್ತಿರಲಿಲ್ಲ.

ಮನೆಯಲ್ಲಿ ಓದು ಬಲ್ಲ ತಾಯಿ ಇದ್ದರೆ ಆಗುವ ಸಣ್ಣ ಸಣ್ಣ ಕೆಲಸಗಳು ನಮಗೆ ಕಾಣೋದೇ ಇಲ್ಲ. ಕಾಪಿ ತಿರುವಿ ನೋಡೋದು, 'ಇವತ್ತು ಏನ್ ಹೇಳಿಕೊಟ್ರು?' ಅಂತ ಕೇಳೋದು, ಸ್ಕಾಲರ್‌ಶಿಪ್ ಅರ್ಜಿಯ ಕೊನೆ ದಿನಾಂಕ ನೆನಪಿಡೋದು, ಶಾಲೆಗೆ ಹೋಗಿ ಮೇಷ್ಟ್ರನ್ನು ಎದುರು ಹಾಕಿಕೊಂಡು ಪ್ರಶ್ನೆ ಕೇಳೋದು. ನನ್ನ ಉಡುಪಿಯ ರೂಮ್‌ಮೇಟ್‌ಗೆ ಅವಳ ಅಮ್ಮ ಮಾತ್ರ ಅಲ್ಲ, ಅಜ್ಜಿಯೂ ಮಗ್ಗಿ ಹೇಳಿಕೊಟ್ಟಿದ್ದರು. ನಮ್ಮವ್ವ ನನ್ನ ಪುಸ್ತಕವನ್ನು ಅಕ್ಕರೆಯಿಂದ ಒರೆಸಿ ಇಡುತ್ತಿದ್ದಳು. ಅದರಲ್ಲಿ ಏನಿದೆ ಅಂತ ಮಾತ್ರ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಏಳನೇತ್ತ ಆದಮೇಲೆ?

ನಮ್ಮೂರಲ್ಲಿ ಸರಕಾರಿ ಸಾಲಿ ಇದೆ. ಒಂದರಿಂದ ಏಳರತನಕ. ನಮ್ಮ ಕಡೆ ಶಾಲೆಗೆ ಸಾಲಿ ಅಂತಲೇ ಅನ್ನೋದು. ಎಂಟನೇ ತರಗತಿಗೆ ಬೇರೆ ಊರಿಗೆ ಹೋಗಬೇಕು.

ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಅಂದರೆ ಎಂಟನೇ ತರಗತಿವರೆಗೆ, ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡುತ್ತೆ. ಅದರ ನಂತರದ ಎರಡು ವರ್ಷ, ಯಾವುದನ್ನು ನಾವು ಫಲಿತಾಂಶದ ಪಟ್ಟಿಯಲ್ಲಿ ಅಳೀತೀವೋ ಅದೇ ಎರಡು ವರ್ಷ, ಆ ಹಕ್ಕಿನ ಹೊರಗಿವೆ. ಪ್ರಾಥಮಿಕ ಶಾಲೆ ಊರೊಳಗೆ ಇದ್ದರೂ ಹೈಸ್ಕೂಲು ದೂರ ಇದ್ದರೆ ಆ ದೂರವನ್ನು ಯಾರು ಮೊದಲು ಅಳೀತಾರೆ ಗೊತ್ತಾ? ಹೆಣ್ಣುಮಕ್ಕಳ ಅಪ್ಪಂದಿರು.

ನನ್ನ ಅಕ್ಕ ಏಳನೇತ್ತ ಮುಗಿಸಿದ್ದು 2003ರಲ್ಲಿ. ಸಾಲಿಗೆ ಅಕಿನೇ ಮೊದಲು. ಲೆಕ್ಕ ಅಂದರೆ ಬಾಯಲ್ಲೇ ಮಾಡಿ ಒಗೀತಿದ್ದಳು. ಹೈಸ್ಕೂಲು ಆರು ಕಿಲೋಮೀಟರ್ ಆಚೆ. ಬಸ್ಸು ಇರಲಿಲ್ಲ. ಅಪ್ಪ ಬೈದೂ ಇಲ್ಲ, ಬೇಡ ಅಂತಲೂ ಅನ್ನಲಿಲ್ಲ. 'ಈ ವರ್ಷ ಇರ್ಲಿ, ಮುಂದಿನ ವರ್ಷ ನೋಡೂಣು' ಅಂದ. ಆ ಮುಂದಿನ ವರ್ಷ ಬರಲಿಲ್ಲ. ಹದಿನೆಂಟು ತುಂಬುವ ಹೊತ್ತಿಗೆ ಅಕ್ಕನ ಮದುವೆ ಆಯ್ತು.

ಆರು ವರ್ಷದ ನಂತರ ನನ್ನ ಸರದಿ ಬಂದಾಗ ದೂರ ಅಷ್ಟೇ ಇತ್ತು. ಬದಲಾಗಿದ್ದು ಒಂದೇ: ಕಲಬುರಗಿಯಲ್ಲಿ ನಮ್ಮ ಸೋದರಮಾವನಿಗೆ ಸಣ್ಣದೊಂದು ನೌಕರಿ ಸಿಕ್ಕಿತ್ತು. 'ಹುಡುಗಿನ ನನ್ ಕಡಿ ಕಳಸ್ರಿ' ಅಂದ. ನಾನು ಹೋದೆ. ಇವತ್ತು ಬೆಂಗಳೂರಲ್ಲಿ ಕೂತು ಇದನ್ನ ಬರೀತಿದ್ದೀನಿ.

ಅಕ್ಕ ನನಗಿಂತ ಬುದ್ಧಿವಂತೆ. ಇದು ವಿನಯದ ಮಾತಲ್ಲ, ಮನೆಯವರಿಗೆಲ್ಲ ಗೊತ್ತಿರುವ ವಿಷಯ. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಒಬ್ಬ ಮಾಮ, ಒಂದು ಬಾಡಿಗೆ ಕೋಣೆ, ಅಷ್ಟೇ. ಮಾಮ ಇಲ್ಲದ ಮಕ್ಕಳ ಲೆಕ್ಕವೇ ಆ ಪಟ್ಟಿಯ ಕೆಳಗಿನ ಸಾಲು.

ಹತ್ತಿ ಬಿಡಿಸುವ ಕಾಲ

ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಅಣೆಕಟ್ಟು ಆದಮೇಲೆ ನಮ್ಮ ಸೀಮೆಗೆ ಕಾಲುವೆ ನೀರು ಬಂತು. ಹತ್ತಿ, ಭತ್ತ, ಮೆಣಸಿನಕಾಯಿ ಬಂತು. ನೀರು ಬಂದರೆ ಬಡತನ ಹೋಗುತ್ತೆ, ಮಕ್ಕಳು ಸಾಲಿಗೆ ಹೋಗ್ತಾರೆ ಅಂತ ಅಂದುಕೊಳ್ತೀವಿ. ಅರ್ಧ ನಿಜ. ಇನ್ನರ್ಧ ಏನೆಂದರೆ, ಹತ್ತಿ ಬಿಡಿಸೋಕೆ, ಮೆಣಸಿನಕಾಯಿ ಹರಿಯೋಕೆ ಸಣ್ಣ ಕೈ ಬೇಕು, ಕಡಿಮೆ ಕೂಲಿಯ ಕೈ ಬೇಕು. ದೀಪಾವಳಿಯಿಂದ ಹಿಡಿದು ಫೆಬ್ರವರಿ-ಮಾರ್ಚ್‌ತನಕ ಆ ಕೆಲಸ. ಬೆಳಿಗ್ಗೆ ಏಳಕ್ಕೆ ಟಂಟಂ ಗಾಡಿಗಳು ಹೆಂಗಸರನ್ನೂ ಹುಡುಗಿಯರನ್ನೂ ತುಂಬಿಕೊಂಡು ಹೊಲಕ್ಕೆ ಹೊರಡ್ತವೆ.

ಹೈಸ್ಕೂಲಿನ ಕ್ಯಾಲೆಂಡರ್ ನೋಡಿ. ಪಾಠ ಜೋರಾಗಿ ಸಾಗುವುದು ಅದೇ ತಿಂಗಳುಗಳಲ್ಲಿ. ಪರೀಕ್ಷೆ ಮಾರ್ಚ್-ಏಪ್ರಿಲ್‌ನಲ್ಲಿ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತೆ, ಹುಡುಗಿ ಹೊಲದಲ್ಲಿ ಇರುತ್ತಾಳೆ.

ನೀರು ಮುಟ್ಟದ ಊರುಗಳದ್ದು, ತಾಂಡಾಗಳದ್ದು ಇನ್ನೊಂದು ಕತೆ: ಗುಳೆ. ಸುಗ್ಗಿ ಮುಗಿದ ಮೇಲೆ ಗಂಟು ಮೂಟೆ ಕಟ್ಟಿಕೊಂಡು ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಕಡೆ ಹೊರಡೋದು. ನೀವು ಇರುವ ಅಪಾರ್ಟ್‌ಮೆಂಟಿನ ಪಕ್ಕದಲ್ಲಿ ಹೊಸ ಕಟ್ಟಡ ಏಳ್ತಾ ಇದ್ದರೆ, ಅಲ್ಲಿನ ತಗಡಿನ ಶೆಡ್ಡಿನ ಮುಂದೆ ಒಮ್ಮೆ ನಿಂತು ಕಿವಿಗೊಡಿ. 'ಹಂಗ್ಯಾಕ', 'ಬರ್ರಿ', 'ಏನ್ ಮಾಡೂದ್ರಿ' ಅನ್ನೋ ಮಾತು ಕೇಳುತ್ತೆ. ಅಲ್ಲಿ ಆಡುತ್ತಿರುವ ಮಗುವಿನ ಹೆಸರು ಯಾವುದೋ ಹಳ್ಳಿಯ ಸಾಲಿಯ ಹಾಜರಿ ಪುಸ್ತಕದಲ್ಲಿ ಇರುತ್ತೆ. ಇಂಥ ಮಕ್ಕಳಿಗಾಗಿ ಊರಲ್ಲೇ ಋತುಮಾನದ ವಸತಿ ವ್ಯವಸ್ಥೆ ಮಾಡೋಕೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶ ಇದೆ. ಅಪ್ಪ-ಅವ್ವ ದುಡಿಯೋಕೆ ಹೋದಾಗ ಮಗು ಸಾಲಿಯಲ್ಲೇ ಉಳಿದು ಊಟ, ನಿದ್ದೆ, ಓದು ಮುಂದುವರಿಸಬಹುದು. ಆದರೆ ಅದು ಗುಳೆ ಹೊರಡುವ ಮೊದಲು ಶುರುವಾಗಬೇಕು. ಬಸ್ ಹೊರಟ ಮೇಲೆ ಬೀಗ ತೆಗೆದರೆ ಏನು ಪ್ರಯೋಜನ?

ಖಾಲಿ ಕುರ್ಚಿ

'ಟೀಚರ್ ಇಲ್ಲ' ಅನ್ನೋದು ನಮ್ಮ ಕಡೆ ಹವಾಮಾನ ವರದಿ ಇದ್ದಂಗೆ. ಯಾರಿಗೂ ಆಶ್ಚರ್ಯ ಆಗಲ್ಲ.

ಮೊದಲೆಲ್ಲ ಏನಾಗ್ತಿತ್ತು ಅಂದರೆ, ಬೇರೆ ಜಿಲ್ಲೆಯವರು ನಮ್ಮ ಕಡೆ ನೇಮಕ ಆಗಿ ಬರ್ತಿದ್ದರು. ಬಂದ ದಿನದಿಂದಲೇ ವರ್ಗಾವಣೆಯ ದಾರಿ ನೋಡ್ತಿದ್ದರು. ಅವರನ್ನು ಬೈಯೋಕೆ ಮನಸ್ಸು ಬರಲ್ಲ. ಯಾರಿಗಾದರೂ ತಮ್ಮ ತಂದೆ-ತಾಯಿ, ಹೆಂಡತಿ-ಮಕ್ಕಳ ಹತ್ತಿರ ಇರಬೇಕು ಅನ್ನಿಸುತ್ತೆ. ಅವರು ಹೋದ ಮೇಲೆ ಆ ಜಾಗಕ್ಕೆ ಅತಿಥಿ ಶಿಕ್ಷಕರು ಬರ್ತಾರೆ. ಕಡಿಮೆ ಗೌರವಧನ, ಶಾಲೆ ಶುರುವಾಗಿ ಸ್ವಲ್ಪ ದಿನ ಆದಮೇಲೆ ಆದೇಶ, ವರ್ಷದ ಕೊನೆಗೆ ಮನೆಗೆ. ಗಣಿತಕ್ಕೆ, ವಿಜ್ಞಾನಕ್ಕೆ, ಇಂಗ್ಲಿಷಿಗೆ ಅತಿಥಿಗಳೂ ಸಿಗೋದು ಕಷ್ಟ.

2022ರಲ್ಲಿ ಸರಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಹೊರಟಾಗ ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೇ ಮೀಸಲಾಗಿತ್ತು. ಮೂರರಲ್ಲಿ ಒಂದು ಪಾಲು. ಒಳ್ಳೇ ಹೆಜ್ಜೆ. ಆದರೆ ಅಷ್ಟೂ ಹುದ್ದೆಗೆ ಅರ್ಹ ಅಭ್ಯರ್ಥಿಗಳು ಸಿಗಲಿಲ್ಲ. ಇಲ್ಲೇ ಒಂದು ಸುಳಿ ಇದೆ. ಗಣಿತದ ಟೀಚರ್ ಇಲ್ಲದ ಸಾಲಿಯಲ್ಲಿ ಓದಿದ ಹುಡುಗಿ ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ಫೇಲ್ ಆಗ್ತಾಳೆ, ಅಥವಾ ಹೇಗೋ ಪಾಸಾಗಿ ಮುಂದೆ ಗಣಿತದ ಸಹವಾಸವೇ ಬೇಡ ಅಂತಾಳೆ. ಹತ್ತು ವರ್ಷದ ನಂತರ ಅದೇ ಸಾಲಿಗೆ ಗಣಿತದ ಟೀಚರ್ ಬೇಕಾದಾಗ ಊರಲ್ಲಿ ಯಾರೂ ಇರಲ್ಲ. ಇವತ್ತಿನ ಖಾಲಿ ಕುರ್ಚಿ ನಾಳೆಯ ಖಾಲಿ ಕುರ್ಚಿಯನ್ನ ಹೆರುತ್ತೆ.

ಇದಕ್ಕೆ ಭಾಷೆಯ ತೊಡಕನ್ನೂ ಸೇರಿಸಿ. ಗಡಿಭಾಗದಲ್ಲಿ ಮನೆಮಾತು ತೆಲುಗು, ಉರ್ದು, ಮರಾಠಿ, ಲಂಬಾಣಿ. ಕನ್ನಡ ಮಾತಾಡುವ ಮನೆಯಲ್ಲೂ ಪುಸ್ತಕದ ಕನ್ನಡ ಬೇರೆ. 'ಅಕಿ ಹೋಗ್ಲಿಕತ್ತಾಳ' ಅನ್ನೋ ಮಗುವಿಗೆ 'ಅವಳು ಹೋಗುತ್ತಿದ್ದಾಳೆ' ಅನ್ನೋದನ್ನ ಮೊದಲು ಕಲಿಸಬೇಕು. ನಕ್ಕು ತಿದ್ದುವ ಟೀಚರ್ ಸಿಕ್ಕರೆ ಮಗು ಬಾಯಿ ಮುಚ್ಚುತ್ತೆ. ಅದೇ ಭಾಷೆಯಲ್ಲಿ ಮಾತಾಡಿಸಿ ಕೈ ಹಿಡಿದು ದಾಟಿಸುವ ಟೀಚರ್ ಸಿಕ್ಕರೆ ಬಾಯಿ ಬಿಡುತ್ತೆ.

ಇದು ನಿನ್ನೆ ಮೊನ್ನೆಯದಲ್ಲ

ಮಂಗಳೂರಿಗೆ ಬಾಸೆಲ್ ಮಿಷನ್‌ನವರು ಬಂದಿದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಲ್ಲಿ ಅಚ್ಚಾಗಿದ್ದು 1843ರಲ್ಲಿ. ಸೇಂಟ್ ಅಲೋಶಿಯಸ್ ಕಾಲೇಜು 1880ರಲ್ಲಿ, ಹೆಣ್ಣುಮಕ್ಕಳಿಗಾಗಿಯೇ ಸೇಂಟ್ ಆಗ್ನೆಸ್ ಕಾಲೇಜು 1921ರಲ್ಲಿ. ಮೈಸೂರಿನಲ್ಲಿ ಮಹಾರಾಣಿ ಬಾಲಕಿಯರ ಶಾಲೆ 1881ರಲ್ಲಿ, ವಿಶ್ವವಿದ್ಯಾಲಯ 1916ರಲ್ಲಿ.

ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತದ ಭಾಷೆ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಅಲ್ಲಿನ ಬೋಧನಾ ಮಾಧ್ಯಮವೂ ಉರ್ದು. ಭಾರತದ ಭಾಷೆಯೊಂದರಲ್ಲಿ ವಿಶ್ವವಿದ್ಯಾಲಯ ನಡೆಸಿದ್ದು ದೊಡ್ಡ ಸಾಧನೆಯೇ. ಆದರೆ ಕನ್ನಡ ಮಾತಾಡುವ ಹಳ್ಳಿಯ ಹುಡುಗನಿಗೆ ಅದು ಇನ್ನೊಂದು ಗೋಡೆ. ಕಲಬುರಗಿಯ ನೂತನ ವಿದ್ಯಾಲಯದಂಥ ಕೆಲವೇ ಖಾಸಗಿ ಪ್ರಯತ್ನಗಳು ಆ ಕಾಲದಲ್ಲಿ ದೀಪ ಹಿಡಿದು ನಿಂತವು.

ದೇಶಕ್ಕೆ ಸ್ವಾತಂತ್ರ್ಯ ಬಂದ ಒಂದು ವರ್ಷದ ಮೇಲೆ, 1948ರ ಸೆಪ್ಟೆಂಬರ್‌ನಲ್ಲಿ ನಾವು ಭಾರತಕ್ಕೆ ಸೇರಿದ್ದು. 1956ರಲ್ಲಿ ಮೈಸೂರು ರಾಜ್ಯಕ್ಕೆ. ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಲಬುರಗಿಯಲ್ಲಿ ಹುಟ್ಟಿದ್ದು 1958ರಲ್ಲಿ. ಗುಲ್ಬರ್ಗ ವಿಶ್ವವಿದ್ಯಾಲಯ ಬಂದಿದ್ದು 1980ರಲ್ಲಿ, ಅಂದರೆ ಮೈಸೂರು ವಿಶ್ವವಿದ್ಯಾಲಯ ಆರಂಭವಾಗಿ 64 ವರ್ಷ ಆದ ಮೇಲೆ. ಎರಡು ಮೂರು ತಲೆಮಾರಿನ ಅಂತರ ಇದು. ಒಂದು ಮನೆಯ ಅಜ್ಜಿ ಓದಿದ್ದಳು, ಇನ್ನೊಂದು ಮನೆಯ ಮೊಮ್ಮಗಳು ಈಗ ಓದೋಕೆ ಶುರು ಮಾಡಿದ್ದಾಳೆ.

ಇದನ್ನೆಲ್ಲ ನಿಜಾಮರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳೋದು ಸುಲಭ. ಆದರೆ 1956ರಿಂದ ಈಚೆಗೆ ಏಳು ದಶಕ ಕಳೆದಿವೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ನಮ್ಮ ಸುರಪುರ, ಶಹಾಪುರ, ಯಾದಗಿರಿ ಮೂರೂ ಅದರಲ್ಲಿದ್ದವು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ ಖರ್ಚು ಮಾಡಿ ಅಂತ ಸಮಿತಿ ಹೇಳಿತು. ಒಂದು ಮಾತು ಮರೀಬಾರದು: ಆ 39ರಲ್ಲಿ 13 ದಕ್ಷಿಣ ಕರ್ನಾಟಕದವೇ. ಇದು ಬರೀ ಉತ್ತರ-ದಕ್ಷಿಣದ ಜಗಳ ಅಲ್ಲ. ಬೆಂಗಳೂರಿನಿಂದ ಕೆಲವೇ ಗಂಟೆ ದೂರದಲ್ಲೂ ಇಂಥದ್ದೇ ಸಾಲಿಗಳಿವೆ.

371(ಜೆ) ಕೊಟ್ಟಿದ್ದೇನು, ಮುಟ್ಟದ್ದೇನು

2012ರ ಡಿಸೆಂಬರ್‌ನಲ್ಲಿ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ತಂದು 371(ಜೆ) ವಿಧಿಯನ್ನು ಸೇರಿಸಿತು. ಈಗ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಹೀಗೆ ಏಳು ಜಿಲ್ಲೆಗೆ ಇದು ಅನ್ವಯ. ಈ ಭಾಗದ ವೃತ್ತಿಪರ ಕಾಲೇಜುಗಳಲ್ಲಿ 70% ಸೀಟು ಸ್ಥಳೀಯರಿಗೆ, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8% ಸೀಟು. ಈ ಭಾಗದ ಸರಕಾರಿ ಹುದ್ದೆಗಳಲ್ಲೂ ಸ್ಥಳೀಯರಿಗೆ ಮೀಸಲಾತಿ: 'ಎ' ಮತ್ತು 'ಬಿ' ಗುಂಪಿನಲ್ಲಿ 75%, 'ಸಿ' ಗುಂಪಿನಲ್ಲಿ 80%, 'ಡಿ' ಗುಂಪಿನಲ್ಲಿ 85%.

ನಾನು 2014ರಲ್ಲಿ ಎಂಜಿನಿಯರಿಂಗ್ ಸೀಟು ತೆಗೆದುಕೊಂಡಿದ್ದು ಇದೇ ಕೋಟಾದಲ್ಲಿ. 'ಓ, ಕೋಟಾ ಸೀಟಾ?' ಅಂತ ಕೇಳಿದವರಿಗೆ ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತೀನಿ: ಹೌದು. ಸೀಟು ಕೋಟಾದ್ದು. ಪರೀಕ್ಷೆಗಳನ್ನು ನಾನೇ ಬರೆದಿದ್ದು.

ಆದರೆ ಈ ವಿಧಿ ಕೈ ಹಿಡಿಯೋದು ಸಿಇಟಿವರೆಗೆ ಬಂದವರನ್ನ. ಅಲ್ಲಿಗೆ ಬರುವ ಮೊದಲೇ, ಏಳನೇ ತರಗತಿಗೆ, ಒಂಬತ್ತನೇ ತರಗತಿಗೆ, ಹತ್ತಿ ಹೊಲಕ್ಕೆ ಇಳಿದುಹೋದ ಮಕ್ಕಳಿಗೆ ಅದರ ಸುದ್ದಿಯೂ ಮುಟ್ಟೋದಿಲ್ಲ. ಮೇಲಿನ ಮೆಟ್ಟಿಲಿಗೆ ಕಟಕಟೆ ಹಾಕಿದ್ದೀವಿ, ಕೆಳಗಿನ ನಾಲ್ಕು ಮೆಟ್ಟಿಲು ಇನ್ನೂ ಮುರಿದೇ ಇವೆ.

ಕೆಳಗಿನ ಮೆಟ್ಟಿಲಿಗೆ ಮಾಡಿದ ಕೆಲಸ ಫಲ ಕೊಟ್ಟಿಲ್ಲ ಅಂತೇನಿಲ್ಲ. ಸರಕಾರಿ ಶಾಲೆಯ ಬಿಸಿಯೂಟ, ಅಕ್ಷರ ದಾಸೋಹ, 2002ರಲ್ಲಿ ಮೊದಲು ಶುರುವಾಗಿದ್ದೇ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರ, ಬಾಗಲಕೋಟೆ ಸೇರಿ ಏಳು ಜಿಲ್ಲೆಯಲ್ಲಿ. ಆಮೇಲೆ ಅದು ಇಡೀ ರಾಜ್ಯಕ್ಕೆ ಹೋಯ್ತು. ಊಟದ ಜೊತೆ ಮೊಟ್ಟೆ ಕೊಡೋದೂ ಹಾಗೇ: 2021ರ ಡಿಸೆಂಬರ್‌ನಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲಿ ಶುರುವಾಗಿ, ಮರು ವರ್ಷ ರಾಜ್ಯದ ತುಂಬ ಹರಡಿತು. ಇವತ್ತು ಮಂಡ್ಯದ, ಹಾಸನದ ಮಗು ಸಾಲಿಯಲ್ಲಿ ಮೊಟ್ಟೆ ತಿನ್ನುತ್ತಿದ್ದರೆ ಅದಕ್ಕೆ ಯಾದಗಿರಿ, ರಾಯಚೂರಿನ ಮಕ್ಕಳ ಹಸಿವು ದಾರಿ ಮಾಡಿಕೊಟ್ಟಿದೆ. ಹಿಂದುಳಿದ ಕಡೆ ಮೊದಲು ಮಾಡಿದರೆ ಎಲ್ಲರಿಗೂ ಲಾಭ ಅನ್ನೋಕೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

ನಮ್ಮ ಕೈಲಾಗೋದು ಏನು?

ಸರಕಾರ ಮಾಡಬೇಕಾದ್ದನ್ನ ಸರಕಾರವೇ ಮಾಡಬೇಕು. ಟೀಚರ್ ನೇಮಕವನ್ನು ನಾವು ವಾಟ್ಸಾಪಿನಲ್ಲಿ ಮಾಡೋಕಾಗಲ್ಲ. ಆದರೆ ನಮ್ಮಲ್ಲಿ ಬಹಳಷ್ಟು ಜನರಿಗೆ ಊರಲ್ಲಿ ಒಬ್ಬ ತಮ್ಮ, ಒಬ್ಬ ಸೋದರಿಕೆಯ ಹುಡುಗಿ, ಮನೆಗೆಲಸದ ಅಕ್ಕನ ಮಗ ಇದ್ದೇ ಇರ್ತಾರೆ. ಅವರ ಅವ್ವನಿಗೆ ಓದೋಕೆ ಬರದೇ ಇರಬಹುದು. ನಮಗೆ ಬರುತ್ತೆ. ನಮ್ಮ ಫೋನಿನಲ್ಲಿ ಈ ನಾಲ್ಕು ವಿಷಯ ಇರಲಿ.

*ಐದನೇ ತರಗತಿಯಲ್ಲಿದ್ದರೆ:* ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ನವೋದಯ, ಆದರ್ಶ ವಿದ್ಯಾಲಯ, ಇವುಗಳಿಗೆಲ್ಲ ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇರುತ್ತೆ. ಐದನೇ ತರಗತಿಯಲ್ಲಿ ಇದ್ದಾಗಲೇ ಅರ್ಜಿ ಹಾಕಬೇಕು. ಆ ಒಂದು ವರ್ಷ ತಪ್ಪಿದರೆ ಈ ಬಾಗಿಲು ಮುಚ್ಚಿದ ಹಾಗೇ. ಹೈಸ್ಕೂಲು ದೂರ ಇರುವ ಹಳ್ಳಿಯ ಮಗುವಿಗೆ ಇದಕ್ಕಿಂತ ದೊಡ್ಡ ದಾರಿ ಇಲ್ಲ.

*ಎಂಟನೇ ತರಗತಿಯಲ್ಲಿದ್ದರೆ:* ಎನ್‌ಎಂಎಂಎಸ್ ಪರೀಕ್ಷೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ. ಮನೆಯ ವಾರ್ಷಿಕ ಆದಾಯ 3.5 ಲಕ್ಷದೊಳಗೆ ಇರಬೇಕು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ಹಳೇ ಪ್ರಶ್ನೆಪತ್ರಿಕೆ ನೆಟ್ಟಲ್ಲೇ ಸಿಗ್ತವೆ. ಭಾನುವಾರ ಒಂದು ವಿಡಿಯೋ ಕಾಲ್ ಮಾಡಿ ಬಿಡಿಸೋದನ್ನ ತೋರಿಸಬಹುದು.

*ಹತ್ತನೇ ತರಗತಿಯಲ್ಲಿ ಫೇಲ್ ಆದರೆ:* ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಪಟ್ಟಿ ಹೊರಬೀಳೋದು ಮೊದಲ ಪರೀಕ್ಷೆಯ ನಂತರ. ಆ ದಿನ ಮಾಡಬೇಕಾದ ಫೋನು ಅಭಿನಂದನೆಯದು ಮಾತ್ರ ಅಲ್ಲ. 'ಎರಡನೇದಕ್ಕೆ ಕಟ್ಟಿದೆಯಾ?' ಅನ್ನೋದೂ ಬೇಕು.

*ಪಿಯುಸಿಯಲ್ಲಿದ್ದರೆ:* ನಮ್ಮ ಏಳು ಜಿಲ್ಲೆಯವರಾದರೆ 371(ಜೆ) ಅರ್ಹತಾ ಪ್ರಮಾಣಪತ್ರ ಮಾಡಿಸಿ ಇಡಿ. ಉಪವಿಭಾಗದ ಸಹಾಯಕ ಆಯುಕ್ತರು ಕೊಡೋದು. ಸಿಇಟಿ ಅರ್ಜಿ ತುಂಬುವ ವಾರದಲ್ಲಿ ಓಡಾಡಿದರೆ ಕೈಗೆ ಸಿಗಲ್ಲ.

ಅಕ್ಕನ ಮಗಳ ಬಸ್ಸು

ಈ ವರ್ಷ ಅಕ್ಕನ ಮಗಳು ಎಂಟನೇ ತರಗತಿಗೆ ಬಂದಳು. ಅಕ್ಕನ ಗಂಡನ ಊರೂ ನಮ್ಮೂರಿನ ಹಾಗೇ, ಸಾಲಿ ಏಳಕ್ಕೆ ನಿಲ್ಲುತ್ತೆ. ಹೈಸ್ಕೂಲು ಐದೂವರೆ ಕಿಲೋಮೀಟರ್. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ ಇಲ್ಲ. ಬಸ್ಸೂ ಇದೆ. ಆದರೆ ಅದು ಊರಿಗೆ ಬರೋದು ಬೆಳಿಗ್ಗೆ ಹತ್ತೂವರೆಗೆ, ಅಷ್ಟೊತ್ತಿಗೆ ಸಾಲಿಯಲ್ಲಿ ಪ್ರಾರ್ಥನೆ ಮುಗಿದು ಮೊದಲ ಪೀರಿಯಡ್ ಆಗಿಹೋಗಿರುತ್ತೆ.

ಜೂನ್‌ನಲ್ಲಿ ಭಾವ ಅಂದರಂತೆ, 'ಈ ವರ್ಷ ಇರ್ಲಿ, ಮುಂದಿನ ವರ್ಷ ನೋಡೂಣು.' ಇಪ್ಪತ್ತೆರಡು ವರ್ಷದ ನಂತರ ಅದೇ ಮಾತು, ಅಕ್ಷರ ಕೂಡ ಬದಲಾಗಿಲ್ಲ.

ಅಕ್ಕ ಜಗಳ ಮಾಡಲಿಲ್ಲ. ಓಣಿಯ ಮನೆ ಮನೆಗೆ ಹೋದಳು. ಎಂಟು, ಒಂಬತ್ತು, ಹತ್ತನೇ ತರಗತಿಯ ಹನ್ನೊಂದು ಹುಡುಗಿಯರ ಹೆಸರು ಬರೆಸಿಕೊಂಡಳು. ನನಗೆ ಫೋನ್ ಮಾಡಿ, 'ಅರ್ಜಿ ಹೆಂಗ ಬರೀಬೇಕು ಹೇಳು, ನಾ ಬರಕೋತೀನಿ' ಅಂದಳು. ನಾನು ಟೈಪ್ ಮಾಡಿ ಕಳಿಸ್ತೀನಿ ಅಂದೆ. 'ಬ್ಯಾಡ, ನನ್ ಕೈಲೇ ಬರೀತೀನಿ. ಏಳನೇತ್ತ ಕಲತೀನಿ ನಾ' ಅಂದಳು. ಅವ್ವಂದಿರ ಸಹಿ ಬೇಕಿತ್ತು. ಸಹಿ ಬಂದಿದ್ದು ನಾಲ್ಕು ಜನಕ್ಕೆ, ಉಳಿದವರದ್ದು ಹೆಬ್ಬೆಟ್ಟು. ಶಾಲಾಭಿವೃದ್ಧಿ ಸಮಿತಿಯವರನ್ನೂ ಕರೆದುಕೊಂಡು ಎರಡು ಸಲ ಡಿಪೋಗೆ ಹೋದರು. ಮೂರನೇ ಸಲ ಹೋದಾಗ ಒಬ್ಬ ಅಧಿಕಾರಿ ಕೂರಿಸಿ ಮಾತಾಡಿಸಿದರಂತೆ. ಜುಲೈ ಕೊನೆಗೆ ಬಸ್ಸು ಬೆಳಿಗ್ಗೆ ಎಂಟು ಮುಕ್ಕಾಲಿಗೆ ಬರೋಕೆ ಶುರುವಾಯ್ತು.

ಸಂಜೆಯ ಬಸ್ಸು ಇನ್ನೂ ಏಳಕ್ಕೇ ಇದೆ. ಅದಕ್ಕೆ ಸದ್ಯ ಒಂದು ಟಂಟಂ ಮಾಡಿದ್ದಾರೆ. ಅದರ ಬಾಡಿಗೆಯಲ್ಲಿ ಅರ್ಧ ನನ್ನ ಪಗಾರದಿಂದ ಹೋಗುತ್ತೆ, ಇನ್ನರ್ಧ ಹನ್ನೊಂದು ಮನೆಯವರು ಹಾಕ್ಕೋತಾರೆ. ನನ್ನ ಪಗಾರದಲ್ಲಿ ಒಂದು ಟಂಟಂ ಓಡುತ್ತೆ, ಒಂದು ಜಿಲ್ಲೆ ಓಡೋದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು. ಆ ಹೈಸ್ಕೂಲಿನಲ್ಲಿ ಗಣಿತದ ಹುದ್ದೆಯೂ ಖಾಲಿ ಇದೆ. ಹತ್ತಿ ಬಿಡಿಸುವ ಕಾಲ ಬಂದಾಗ ಹನ್ನೊಂದರಲ್ಲಿ ಎಷ್ಟು ಜನ ಬಸ್ ಹತ್ತುತ್ತಾರೆ, ಎಷ್ಟು ಜನ ಹೊಲಕ್ಕೆ ಹೋಗುವ ಗಾಡಿ ಹತ್ತುತ್ತಾರೆ ಅನ್ನೋದು ಮುಂದೆ ನೋಡಬೇಕು.

ಭಾನುವಾರ ಸಂಜೆ ಐದಕ್ಕೆ ನನ್ನ ಫೋನ್ ಬಡಿಯುತ್ತೆ. 'ಚಿಗವ್ವ, ಈ ಲೆಕ್ಕ ಹೆಂಗ ಮಾಡಬೇಕ?' ಎನ್‌ಎಂಎಂಎಸ್‌ನ ಹಳೇ ಪ್ರಶ್ನೆಪತ್ರಿಕೆ. ಮೊದಮೊದಲು ಅವಳೊಬ್ಬಳೇ ಇರುತ್ತಿದ್ದಳು. ಈಗ ಪರದೆಯಲ್ಲಿ ನಾಲ್ಕು ತಲೆ ಕಾಣ್ತವೆ. ಮೊನ್ನೆ ಒಂದು ಸಂಖ್ಯಾ ಸರಣಿಯ ಲೆಕ್ಕಕ್ಕೆ ನಾನು ಪೆನ್ನು ತಗೊಂಡು ಯೋಚಿಸ್ತಿದ್ದೆ. ಹಿಂದಿನಿಂದ, ರೊಟ್ಟಿ ಬಡಿಯುವ ಸದ್ದಿನ ನಡುವೆಯೇ, ಅಕ್ಕ ಬಾಯಲ್ಲೇ ಉತ್ತರ ಹೇಳಿದಳು. ಸರಿ ಇತ್ತು.

ನಿಮ್ಮೂರಿನ ಸಾಲಿ ಎಷ್ಟನೇ ತರಗತಿಗೆ ನಿಲ್ಲುತ್ತೆ? ಮುಂದಿನ ಸಾಲಿಗೆ ಹೋಗೋಕೆ ಬಸ್ ಎಷ್ಟು ಗಂಟೆಗೆ ಬರುತ್ತೆ? ಗೊತ್ತಿಲ್ಲದಿದ್ದರೆ ಇವತ್ತು ಊರಿಗೆ ಫೋನ್ ಮಾಡಿದಾಗ ಒಂದು ಮಾತು ಕೇಳಿ ನೋಡಿ. ಆಮೇಲೆ ನಮಗೂ ಬರೀರಿ.